ಮಳೆ ಅಳೆಯುವ ಇಬ್ಬರು ಯಶೋಧರೆಯರು

ಬೆಳಿಗ್ಗೆ ಆರೂ ಹತ್ತು. ತ್ಯಾವಣಿಗೆಯ ಬಸ್ ನಿಲ್ದಾಣದ ಹೋಟೆಲಿನಲ್ಲಿ ಮೊದಲ ಒಬ್ಬೆ ಇಡ್ಲಿ ಇನ್ನೂ ಇಳಿದಿಲ್ಲ. ಅಲ್ಲಿಂದ ಕೂಗಳತೆಯ ದೂರದಲ್ಲಿರುವ ಕಟ್ಟಡವೊಂದರ ತಾರಸಿಯ ಮೇಲೆ, ಚೂಡಿದಾರದ ಮೇಲೆ ಗಂಡಸರ ತುಂಬುದೋಳಿನ ಅಂಗಿ ತೊಟ್ಟ ಮಹಿಳೆಯೊಬ್ಬರು ಮಂಡಿಯೂರಿ ಕೂತಿದ್ದಾರೆ. ಅವರ ಮುಂದೆ ಕೊಡದೆತ್ತರದ ಬಿಳಿ ಡಬ್ಬಿ. ಅದರ ಮೇಲಿನ ಆಲಿಕೆಯನ್ನು ತಿರುಗಿಸಿ ಬಿಚ್ಚಿ, ಕಣ್ಣಿಗೆ ಹಿಡಿದು, ಕೊಳವೆಯ ತೂತಿನಿಂದ ಆಕಾಶ ನೋಡುತ್ತಾರೆ. ಬೆಳಕು ದುಂಡಗೆ ಕಂಡರೆ ಸರಿ. ಇವತ್ತು ಒಂದು ಅಂಚು ಕಪ್ಪಗಿದೆ.

"ಕಣಜ ಮನೆ ಕಟ್ಟಾಕೆ ಶುರು ಮಾಡೈತೆ ನೋಡ್ರಿ. ಅದಕ್ಕೇ ನಾನು ಇಷ್ಟು ಬೇಗ ಬರೋದು. ಬಿಸ್ಲು ಏರಾಕ್ಮುಂಚೆ ಅವು ಮಂಪರಲ್ಲಿರ್ತಾವೆ, ಕಚ್ಚಲ್ಲ" ಎನ್ನುತ್ತಾ ಯಶೋಧರಾ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಸಿ ಮಣ್ಣನ್ನು ಕೆರೆದು ತೆಗೆಯುತ್ತಾರೆ. ಆಮೇಲೆ ಅಳತೆಯ ಬಾಟಲಿಯಿಂದ ಸಣ್ಣಗೆ ನೀರು ಬಿಡುತ್ತಾರೆ. ಡಬ್ಬಿಯೊಳಗೆ ತಕ್ಕಡಿಯಂಥ ಎರಡು ಪುಟ್ಟ ಬೋಗುಣಿಗಳಿವೆ. ಅರ್ಧ ಮಿಲಿಮೀಟರ್ ಮಳೆಗೆ ಒಂದು ಬೋಗುಣಿ ತುಂಬಿ ಆ ಕಡೆಗೆ ಮಗುಚುತ್ತದೆ, ಟಕ್ ಎನ್ನುತ್ತದೆ, ಇನ್ನೊಂದು ಮೇಲೇಳುತ್ತದೆ. ಅವರು ತುಟಿ ಅಲುಗಿಸುತ್ತಾ ಎಣಿಸುತ್ತಾರೆ. ನಲವತ್ತು ಬರಬೇಕು. ನಲವತ್ತೇ ಬರುತ್ತದೆ. ಮೊಬೈಲಿನಲ್ಲಿ ಅದೇ ಅಂಕಿ ಮೂಡಿದ ಮೇಲೆ ಪುಸ್ತಕದಲ್ಲಿ ಸಹಿ ಹಾಕುತ್ತಾರೆ.

ಸರ್ಕಾರದ ಕಾಗದದಲ್ಲಿ ಇದರ ಹೆಸರು ದೂರಸಂಪರ್ಕ ಮಳೆಮಾಪನ ಕೇಂದ್ರ. ಜನರ ಬಾಯಲ್ಲಿ ಮಳೆ ಡಬ್ಬಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು, ಈ ನಾಲ್ಕು ತಾಲ್ಲೂಕುಗಳ ನಲವತ್ತಾರು ಡಬ್ಬಿಗಳು ಯಶೋಧರಾ ಅವರ ಪಾಲಿಗಿವೆ. ಪ್ರತಿ ಹದಿನೈದು ನಿಮಿಷಕ್ಕೆ ಒಂದೊಂದು ಡಬ್ಬಿಯೂ ತನ್ನೊಳಗಿನ ಸಿಮ್ಮಿನಿಂದ ಎಷ್ಟು ಮಳೆ ಬಿತ್ತೆಂದು ಸುದ್ದಿ ಕಳಿಸುತ್ತದೆ. ಬಿತ್ತನೆ ಸಲಹೆಗೂ ಹವಾಮಾನ ಆಧರಿಸಿದ ಬೆಳೆ ವಿಮೆಗೂ ಆ ಅಂಕಿಯೇ ಆಧಾರ. ದಿನಕ್ಕೆ ಎರಡು ಡಬ್ಬಿ, ನೂರಹತ್ತು ಕಿಲೋಮೀಟರ್ ಸ್ಕೂಟರ್; ಒಂದೊಂದು ಡಬ್ಬಿಯ ಸರದಿ ತಿಂಗಳಿಗೊಮ್ಮೆ. ಒಂಬತ್ತು ವರ್ಷದಲ್ಲಿ ಎರಡು ಸ್ಕೂಟರ್ ಸವೆದು ಈಗ ಮೂರನೆಯದು ಓಡುತ್ತಿದೆ. ನಿರ್ವಹಣೆಯ ಗುತ್ತಿಗೆ ಹಿಡಿದಿರುವ ಸಂಸ್ಥೆಯಲ್ಲಿ ಇಂಥ ತಂತ್ರಜ್ಞರು ಇಪ್ಪತ್ತೆರಡು ಮಂದಿ. ಅವರಲ್ಲಿ ಹೆಣ್ಣು ಇವರೊಬ್ಬರೇ.

ಮೂವತ್ತೇಳು ವರ್ಷದ ಯಶೋಧರಾ ಹುಟ್ಟಿದ್ದು ಜಗಳೂರು ತಾಲ್ಲೂಕಿನ ಸಣ್ಣ ಊರೊಂದರಲ್ಲಿ. ಅಪ್ಪ ಚಿಕ್ಕಹನುಮಂತಪ್ಪ ಪಂಚಾಯ್ತಿಯ ನೀರಗಂಟಿ. ಮಗಳು ಹುಟ್ಟುವ ಹಿಂದಿನ ವರ್ಷ ಬೌದ್ಧ ಧಮ್ಮ ಸ್ವೀಕರಿಸಿದ್ದರು. ಆ ಹುರುಪಿನಲ್ಲೇ ಇಟ್ಟ ಹೆಸರು ಇದು. ಶಾಲೆಯ ಹಾಜರಿಯಲ್ಲಿ ಉಳಿದ ಹುಡುಗಿಯರೆಲ್ಲ ದುರ್ಗಮ್ಮ, ಚೌಡಮ್ಮ, ಹನುಮಕ್ಕ ಆಗಿದ್ದಾಗ ಇವರ ಹೆಸರು ಕೂಗಿದರೆ ಇಡೀ ತರಗತಿ ತಿರುಗಿ ನೋಡುತ್ತಿತ್ತಂತೆ. ಅಪ್ಪನ ಹಿಂದೆ ಹೋಗಿ ಮೋಟಾರಿನ ಸ್ಟಾರ್ಟರ್ ಬಿಚ್ಚುವುದನ್ನು ನೋಡುತ್ತಿದ್ದ ಹುಡುಗಿ, ಹತ್ತನೆಯ ತರಗತಿಯ ನಂತರ ದಾವಣಗೆರೆಯಲ್ಲಿ ಐಟಿಐ ಎಲೆಕ್ಟ್ರಾನಿಕ್ಸ್ ಸೇರಿದರು. ಇಪ್ಪತ್ತನಾಲ್ಕು ಹುಡುಗರ ನಡುವೆ ಒಬ್ಬಳೇ ಹುಡುಗಿ. ಮದುವೆಯಾಗಿ ಹೊನ್ನಾಳಿಗೆ ಬಂದರು. ಗಂಡ ಮೈಲಾರಿ ಅಲ್ಲಿ ಲಗೇಜ್ ಆಟೊ ಓಡಿಸುತ್ತಾರೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಊರೂರಿನಲ್ಲೂ ಜನ ಸೇರುತ್ತಿದ್ದರು. ಹೆಂಗಸು ತಾರಸಿ ಹತ್ತಿ ಡಬ್ಬಿ ಬಿಚ್ಚುವುದೆಂದರೆ ಏನೋ ಕಳವು ಎಂದೇ ಕೆಲವರ ಲೆಕ್ಕ. ಒಂದು ಊರಿನಲ್ಲಿ ಡಬ್ಬಿ ಇರುವುದು ಖಾಸಗಿ ಮನೆಯೊಂದರ ಮೇಲೆ. ಮೊದಲ ಭೇಟಿಯಲ್ಲೇ ಮನೆಯ ಯಜಮಾನರು ಯಾವ ಪೈಕಿ ಎಂದು ಕೇಳಿದರು, ಇವರು ಹೇಳಿದರು. ಮನೆಯೊಳಗಿನ ಮೆಟ್ಟಿಲು ಅವತ್ತಿನಿಂದ ಇವರಿಗೆ ಮುಚ್ಚಿತು. ಮೂರು ವರ್ಷ ಹೊರಗಿನಿಂದ ಬಿದಿರ ಏಣಿ ಹಾಕಿಕೊಂಡೇ ಹತ್ತಿದರು. ಈಗ ಆ ಯಜಮಾನರಿಲ್ಲ. ಸೊಸೆ ಒಳಗೇ ಕರೆಯುತ್ತಾರೆ. "ಮೆಟ್ಲು ಹತ್ತಿ ಹೋಗೋದು ಸಲೀಸು. ಆದ್ರೆ ಏಣೀಗೆ ಕಾಲು ಪಳಗಿಬಿಟ್ಟಿದ್ವು" ಎಂದಷ್ಟೇ ಹೇಳಿ ಆ ಮಾತನ್ನು ಅಲ್ಲಿಗೇ ಬಿಡುತ್ತಾರೆ.

ಅವರು ಮಾತನಾಡಬೇಕೆಂದಿರುವುದು ಬೇರೆಯದರ ಬಗ್ಗೆ. ಈ ಬರಹಕ್ಕೆ ಒಪ್ಪುವಾಗಲೇ ಒಂದು ಷರತ್ತು ಹಾಕಿದ್ದರು: "ನಾನು ಮಾಡಿದ್ದ ತಪ್ಪನ್ನ ಬಿಟ್ಟು ಬರೆಯಂಗಿದ್ರೆ ಬ್ಯಾಡ ಬಿಡ್ರಿ."

ಅದು 2024ರ ಜೂನ್ ಕೊನೆಯ ಮಾತು. ಜಗಳೂರಿನ ಕಡೆಯಲ್ಲಿರುವ ಅವ್ವ ಉಡಚಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಯಶೋಧರಾ ಆಸ್ಪತ್ರೆಗೂ ಕೆಲಸಕ್ಕೂ ನಡುವೆ ಓಡಾಡುತ್ತಿದ್ದರು. ನ್ಯಾಮತಿ ತಾಲ್ಲೂಕಿನ ಒಂದು ಊರಿನ ಡಬ್ಬಿಯ ಸರದಿ ಬಂದ ದಿನ, ಕಟ್ಟಡದ ಕೆಳಗೇ ನಿಂತು ಮೊಬೈಲ್ ನೋಡಿದರು. ಸಿಗ್ನಲ್ ಬರುತ್ತಿತ್ತು, ಬ್ಯಾಟರಿ ತುಂಬಿತ್ತು. ಹತ್ತಲಿಲ್ಲ, ನೀರು ಬಿಟ್ಟು ನೋಡಲಿಲ್ಲ. ಪುಸ್ತಕದಲ್ಲಿ 'ಸರಿ ಇದೆ' ಎಂದು ಬರೆದು ಸಹಿ ಹಾಕಿ ಜಗಳೂರಿನ ಬಸ್ಸು ಹಿಡಿದರು.

ಜುಲೈ ಕೊನೆಗೆ ಮತ್ತೆ ಅಲ್ಲಿಗೆ ಹೋದಾಗ ಆಲಿಕೆಯ ತುಂಬ ನೀರು ನಿಂತಿತ್ತು. ಕಣಜವೊಂದು ಕೊಳವೆಯೊಳಗೆ ಕಟ್ಟಿದ ಮಣ್ಣಿನ ಗೂಡು, ಕೂದಲೆಳೆಯಷ್ಟು ಸಂದು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿತ್ತು. ಆ ತಿಂಗಳ ಮಧ್ಯದಲ್ಲಿ ಆ ಸೀಮೆಗೆ ಒಂದೇ ಸಮನೆ ಮಳೆ ಸುರಿದಿತ್ತೆಂಬುದು ಅವರಿಗೆ ಗೊತ್ತಿತ್ತು. ಅದರಲ್ಲಿ ಎಷ್ಟು ನೀರು ಅಂಚು ಮೀರಿ ಹೊರಗೆ ಚೆಲ್ಲಿತೋ ಹೇಳುವವರಿರಲಿಲ್ಲ. ಗೂಡು ಕೆರೆದು ತೆಗೆದರು, ನೀರು ಬಿಟ್ಟು ನಲವತ್ತು ಎಣಿಸಿದರು, ಮತ್ತೊಮ್ಮೆ 'ಸರಿ ಇದೆ' ಎಂದು ಬರೆದರು. ಯಾರಿಗೂ ಏನೂ ಹೇಳಲಿಲ್ಲ.

ಆ ಊರಿನಲ್ಲಿ ಶುಂಠಿ ಹಾಕಿದವರು ಅರವತ್ತನಾಲ್ಕು ಮನೆಯವರು. ನೀರು ನಿಂತ ಹೊಲದಲ್ಲಿ ಗೆಡ್ಡೆ ಕೊಳೆತುಹೋಗಿತ್ತು. ಆದರೆ ಡಬ್ಬಿ ಕಳಿಸಿದ ಅಂಕಿಯ ಪ್ರಕಾರ ಆ ಊರಿಗೆ ಅತಿಯಾದ ಮಳೆಯೇ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಎಲ್ಲರ ವಿಮೆಯ ಅರ್ಜಿಯೂ ತಿರಸ್ಕೃತವಾಗಿ ಬಂತು. ಸುದ್ದಿ ಯಶೋಧರಾ ಅವರಿಗೆ ಪಂಚಾಯ್ತಿಯ ಪಡಸಾಲೆಯಲ್ಲೇ ಸಿಕ್ಕಿತು. ಅಲ್ಲಿ ಯಾರೋ ಆಕಾಶಕ್ಕೆ ಬೈಯುತ್ತಿದ್ದರು, ಯಾರೋ ಸರ್ಕಾರಕ್ಕೆ. "ನನ್ನ ಯಾರೂ ಬೈಲಿಲ್ಲ. ಅದೇ ನಂಗೆ ತಡ್ಕಳಾಕೆ ಆಗ್ಲಿಲ್ಲ" ಎನ್ನುತ್ತಾರೆ.

ಕಠ್ಮಂಡುವಿನಿಂದ ಕರೆ ಬಂದದ್ದು ಇದೇ ಹೊತ್ತಿನಲ್ಲಿ. ತಂತ್ರಜ್ಞಾನದಲ್ಲಿ ದುಡಿಯುವ ದಕ್ಷಿಣ ಏಷ್ಯಾದ ಮಹಿಳೆಯರ ಸಮಾವೇಶ, ಮೂರು ದಿನ. ನೂರೆಂಬತ್ತು ಜನ ಎಂಜಿನಿಯರುಗಳು, ಸಂಶೋಧಕರು. ಅವರ ಜೊತೆಗೆ ಹೊಲಗದ್ದೆ, ನದಿ, ಬೆಟ್ಟಗಳಲ್ಲಿ ಉಪಕರಣ ನೋಡಿಕೊಳ್ಳುವ ಹತ್ತು ಮಂದಿ ಹೆಣ್ಣುಮಕ್ಕಳನ್ನೂ ಕರೆಸಬೇಕೆಂದು ಸಂಘಟಕರು ನಿರ್ಧರಿಸಿದ್ದರು. ಕಣಜವನ್ನು ದೂರವಿಡಲು ಆಲಿಕೆಯ ಅಂಚಿಗೆ ಬೇವಿನೆಣ್ಣೆ ಸವರುವ ಉಪಾಯದ ಬಗ್ಗೆ ಯಶೋಧರಾ ಸಹೋದ್ಯೋಗಿಗಳ ಗುಂಪಿಗೆ ಹಾಕಿದ್ದ ಒಂದೂವರೆ ನಿಮಿಷದ ವಿಡಿಯೊ ಹೇಗೋ ಕೈಯಿಂದ ಕೈಗೆ ದಾಟಿ ಅವರನ್ನು ತಲುಪಿತ್ತು. ಕಣಜ ತಡೆಯುವವಳೆಂದು ಕರೆಯುತ್ತಿದ್ದಾರೆ, ಅದೂ ಈಗ. ಹೋಗುವುದಿಲ್ಲವೆಂದರು. ಮೂರನೆಯ ದಿನ ಮೈಲಾರಿ ಪಾಸ್‌ಪೋರ್ಟಿನ ಅರ್ಜಿ ತುಂಬಿಸಿಕೊಂಡು ಬಂದರು. ಅಪ್ಪ ಬುದ್ಧನ ಹೆಂಡತಿಯ ಹೆಸರಿಟ್ಟಿದ್ದಾನೆ, ಬುದ್ಧ ಹುಟ್ಟಿದ ದೇಶ ಕರೆದರೆ ಬೇಡವೆನ್ನುತ್ತೀಯಾ ಎಂದು ಮಂಚದ ಮೇಲಿಂದಲೇ ಉಡಚಮ್ಮ ಗದರಿದರು. ಜೋಳದ ಕಟಿರೊಟ್ಟಿ, ಶೇಂಗಾ ಪುಡಿ ಕಟ್ಟಿಸಿಕೊಂಡು ಅಕ್ಟೋಬರಿನ ಒಂದು ಬೆಳಿಗ್ಗೆ ಯಶೋಧರಾ ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದರು.

ಸಮಾವೇಶದ ಸಭಾಂಗಣದಲ್ಲಿ ಎಲ್ಲರ ಕೊರಳಿಗೂ ಹೆಸರಿನ ಬಿಲ್ಲೆ ಹಾಕಿದರು. ಇಲ್ಲೊಂದು ಎಡವಟ್ಟಾಯಿತು. ಶ್ರೀಲಂಕಾದಿಂದ ಬಂದಿದ್ದ ಇನ್ನೊಬ್ಬ ತಂತ್ರಜ್ಞೆಯ ಹೆಸರೂ ಯಸೋದರಾ. ಪೂರ್ತಿ ಹೆಸರು ಯಸೋದರಾ ಹೇರತ್. ಬೆಟ್ಟದ ಚಹಾ ತೋಟಗಳ ಸೀಮೆಯವರು. ಭೂಕುಸಿತದ ಮುನ್ಸೂಚನೆಗಾಗಿ ಇಳಿಜಾರುಗಳಲ್ಲಿಟ್ಟ ಮಳೆಮಾಪಕಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಬಿಲ್ಲೆ ಹಂಚಿದವರು ಒಬ್ಬರದನ್ನು ಇನ್ನೊಬ್ಬರ ಕೊರಳಿಗೆ ಹಾಕಿದ್ದರು.

ಮೊದಲ ದಿನ ಯಾರಿಗೂ ಗೊತ್ತಾಗಲಿಲ್ಲ. ಪರದೆಯ ಮೇಲೆ ನಕ್ಷೆಗಳು ಬಂದವು, ಹೋದವು. ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ಹಿಂದಿ ಅನುವಾದ ಬರುತ್ತಿತ್ತು. ಯಶೋಧರಾ ಅವರ ಹಿಂದಿ ಹೊನ್ನಾಳಿಯ ಸಂತೆಯಲ್ಲಿ ಕಲಿತದ್ದು, ಆ ಹಿಂದಿಗೆ ಸಾಲಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಸ್ವಯಂಸೇವಕಿಯೊಬ್ಬಳು ಬಂದು ಬಿಲ್ಲೆ ನೋಡಿ, ನಗುತ್ತಾ ಕೈಹಿಡಿದು ಇವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. ಐದು ನಿಮಿಷದಲ್ಲಿ ವೇದಿಕೆಯಿಂದ ಹೆಸರು ಕೂಗಿದರು. ತಮ್ಮದೇ ಹೆಸರು. ಎದ್ದು ಹೋದರು. ಎದುರಿಗೆ ಇನ್ನೂರು ಮುಖ, ಕೈಗೆ ಮೈಕು.

"ಏನು ಮಾತಾಡ್ಬೇಕು ಅಂತ್ಲೇ ಗೊತ್ತಿಲ್ಲ. ಆಗ ಹಿಂದ್ಗಡೆಯಿಂದ ಒಬ್ಬಾಕೆ ಓಡಿ ಬಂದ್ರು, ಸಣಕಲು ಮೈ, ಕನ್ನಡಕ. ಬಂದು ನನ್ನ ಕೈ ಹಿಡ್ಕಂಡ್ರು."

ಬಂದವರು ಹೇರತ್. ಮಾತನಾಡಬೇಕಾಗಿದ್ದದ್ದು ಅವರೇ. ಸಭೆಗೆ ಇಬ್ಬರ ಬಿಲ್ಲೆಗಳನ್ನೂ ತೋರಿಸಿ ಏನೋ ಹೇಳಿದರು, ಜನ ನಕ್ಕರು. ಯಶೋಧರಾ ಇಳಿದು ಹೋಗಲು ನೋಡಿದರೆ ಆಕೆ ಕೈ ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಸಿಂಹಳದಲ್ಲಿ ಹನ್ನೆರಡು ನಿಮಿಷ ಮಾತನಾಡಿದರು. ಕಿವಿಯ ಯಂತ್ರ ಕುರ್ಚಿಯ ಮೇಲೇ ಉಳಿದಿದ್ದರಿಂದ ಯಶೋಧರಾ ಅವರಿಗೆ ಒಂದು ಪದವೂ ತಿಳಿಯಲಿಲ್ಲ. ತಿಳಿದದ್ದು ಆಕೆಯ ಅಂಗೈ ಬೆವರುತ್ತಿದೆ ಎಂಬುದು ಮಾತ್ರ. ನಗುತ್ತಿದ್ದ ಸಭೆ ನಡುವೆ ಎಲ್ಲೋ ಮೌನವಾಯಿತು.

ಸಂಜೆ ಊಟದ ಮೇಜಿನಲ್ಲಿ ಇಬ್ಬರೂ ಎದುರುಬದುರು ಕೂತರು. ಕಟಿರೊಟ್ಟಿ ಬಿಚ್ಚಿದರೆ ಹೇರತ್ ಶೇಂಗಾ ಪುಡಿಯನ್ನು ಬೆರಳಲ್ಲಿ ಅದ್ದಿ ತಿಂದು ಇನ್ನಷ್ಟು ಹಾಕಿಸಿಕೊಂಡರು. ಆಮೇಲೆ ಮೊಬೈಲ್ ತೆಗೆದು, ಸಿಂಹಳವನ್ನು ಕನ್ನಡ ಮಾಡುವ ಆ್ಯಪ್ ತೆರೆದು, ವೇದಿಕೆಯಲ್ಲಿ ಹೇಳಿದ್ದನ್ನು ಮತ್ತೆ ನಿಧಾನವಾಗಿ ಹೇಳತೊಡಗಿದರು. ಪರದೆಯ ಮೇಲೆ ಕನ್ನಡದ ಸಾಲುಗಳು ಸೊಟ್ಟಸೊಟ್ಟಗೆ ಮೂಡಿದವು. ಸಂಘಟಕರು ಯಶಸ್ಸಿನ ಕಥೆ ಹೇಳು ಎಂದಿದ್ದರಂತೆ. ಆಕೆ ಹೇಳಿದ್ದು ಬೇರೆ. ಆರು ವರ್ಷದ ಹಿಂದೆ ಒಂದು ಇಳಿಜಾರಿನ ಮಾಪಕದ ಬ್ಯಾಟರಿ ಸತ್ತಿತ್ತು. ಜಿಗಣೆಗೆ ಹೇಸಿ ಆಕೆ ಆ ವಾರ ಬೆಟ್ಟ ಏರಿರಲಿಲ್ಲ. ಫೋನಿನಲ್ಲೇ ವರದಿ ಕೊಟ್ಟಿದ್ದರು. ಆ ವಾರವೇ ಮಣ್ಣು ಕುಸಿದು ಕೂಲಿಯವರ ಸಾಲುಮನೆಯ ಮೇಲೆ ಬಿತ್ತು. ಎಚ್ಚರಿಕೆಯ ಗಂಟೆ ಹೊಡೆಯಲಿಲ್ಲ. ಜೀವ ಹೋಗಲಿಲ್ಲ, ಒಬ್ಬ ಮುದುಕಿಯ ಕಾಲು ಹೋಯಿತು.

ಪರದೆಯ ಮೇಲೆ ಬಂದ ಎರಡು ಸಾಲನ್ನು ಯಶೋಧರಾ ಇವತ್ತಿಗೂ ಬಾಯಿಪಾಠ ಹೇಳುತ್ತಾರೆ: "ನಾನು ಹತ್ತಿಲ್ಲ ಮೇಲಕ್ಕೆ. ಸರಿ ಇದೆ ಎಂದು ನಾನು ಹೇಳಿದೆನು."

"ಆಕಿಗೆ ನನ್ನ ಸುದ್ದಿ ಗೊತ್ತಿಲ್ಲ. ಆದ್ರೂ ಮೊಬೈಲಾಗೆ ನನ್ನದೇ ಮಾತು ಬರೆದೈತೆ" ಎನ್ನುತ್ತಾರೆ. ಅವತ್ತು ಅವರೂ ಅದೇ ಮೊಬೈಲನ್ನು ತಮ್ಮ ಕಡೆ ಎಳೆದುಕೊಂಡು, ಕಣಜದ ಗೂಡು, ಶುಂಠಿ, ಅರವತ್ತನಾಲ್ಕು ಮನೆ ಎಲ್ಲವನ್ನೂ ಹೇಳಿದರು. ಗಂಡನಿಗೂ ಅವ್ವನಿಗೂ ಹೇಳಿರದ ಮಾತು ಮೊದಲ ಸಲ ಬಾಯಿಬಿಟ್ಟು ಬಂದದ್ದು, ಅದನ್ನು ಕನ್ನಡದಲ್ಲಿ ಕೇಳಿ ಅರ್ಥಮಾಡಿಕೊಳ್ಳಲಾರದ ಹೆಂಗಸಿನ ಮುಂದೆ. ಹೇರತ್ ಎರಡು ಸಲ ಓದಿದರು. ಸಮಾಧಾನ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ಡಬ್ಬಿಯೊಳಗಿನ ಮೆಮೊರಿ ಕಾರ್ಡ್ ಇನ್ನೂ ಇದೆಯೇ?

ಇದೊಂದು ಸಣ್ಣ ತಾಂತ್ರಿಕ ಸಂಗತಿ, ಆದರೆ ಮುಂದಿನದೆಲ್ಲ ಇದರ ಮೇಲೇ ನಿಂತಿತು. ಡಬ್ಬಿ ಹದಿನೈದು ನಿಮಿಷಕ್ಕೊಮ್ಮೆ ಒಟ್ಟು ಮೊತ್ತವನ್ನಷ್ಟೇ ಕಳಿಸುತ್ತದೆ. ಒಂದೊಂದು ಬೋಗುಣಿ ಮಗುಚಿದ ಗಳಿಗೆ ಒಳಗಿನ ಕಾರ್ಡಿನಲ್ಲಿ ಮಾತ್ರ ದಾಖಲಾಗಿರುತ್ತದೆ. ಆರು ತಿಂಗಳಾದರೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆ. ಜುಲೈ ತಿಂಗಳ ಮಳೆಗೆ ಜನವರಿಯವರೆಗೆ ಸಮಯವಿತ್ತು.

ಮೂರನೆಯ ದಿನ ಸಮಾವೇಶ ಮುಗಿದ ಮೇಲೆ ಇಬ್ಬರೂ ಊರ ಮೇಲಿನ ಗುಡ್ಡದ ಸ್ತೂಪಕ್ಕೆ ಹತ್ತಿಹೋದರು. ಜಗಳೂರಿನ ಮನೆಯಲ್ಲಿ ಅಪ್ಪ ಹೇಳಿಕೊಟ್ಟ 'ಬುದ್ಧಂ ಸರಣಂ ಗಚ್ಛಾಮಿ' ಎಂಬ ತ್ರಿಸರಣವನ್ನು ಯಶೋಧರಾ ಸಣ್ಣಗೆ ಹೇಳತೊಡಗಿದಾಗ ಪಕ್ಕದಲ್ಲಿ ಹೇರತ್ ಕೂಡ ಅದನ್ನೇ ಹೇಳುತ್ತಿದ್ದರು. ಮಾತು ಒಂದೇ, ರಾಗ ಬೇರೆ. ಮೂರು ದಿನದಲ್ಲಿ ಮೊಬೈಲಿನ ಹಂಗಿಲ್ಲದೆ ಇಬ್ಬರಿಗೂ ಪೂರ್ತಿ ತಿಳಿದ ಮಾತು ಅದೊಂದೇ.

ಊರಿಗೆ ಮರಳಿದ ವಾರದಲ್ಲೇ ಯಶೋಧರಾ ಕಾರ್ಡ್ ತೆಗೆದರು. ಅದರಲ್ಲಿದ್ದದ್ದನ್ನು ಹೇರತ್‌ಗೆ ಕಳಿಸಿ, ಎರಡು ಭಾನುವಾರದ ಮಧ್ಯಾಹ್ನ ವಿಡಿಯೊ ಕರೆಯಲ್ಲಿ ಇಬ್ಬರೂ ಕೂತು ಸಾಲುಸಾಲಾಗಿ ನೋಡಿದರು. ಸುತ್ತಲಿನ ಐದು ಡಬ್ಬಿಗಳು ಜುಲೈ ಹದಿನೆಂಟರಂದು ತೊಂಬತ್ತರಿಂದ ನೂರಹತ್ತು ಮಿಲಿಮೀಟರ್ ಮಳೆ ತೋರಿಸಿದ್ದವು. ಈ ಡಬ್ಬಿ ತೋರಿಸಿದ್ದು ಮೂವತ್ತೊಂದು. ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಇಲ್ಲಿ ಬೋಗುಣಿ ಹೆಚ್ಚುಕಡಿಮೆ ಒಂಬತ್ತು ನಿಮಿಷಕ್ಕೊಮ್ಮೆ, ಒಂಬತ್ತೂವರೆ ಗಂಟೆ ಕಾಲ, ಗಡಿಯಾರದಂತೆ ಮಗುಚಿತ್ತು. ಪಕ್ಕದೂರುಗಳಲ್ಲಿ ಮಳೆ ನಿಂತ ಮೇಲೂ ಮಗುಚುತ್ತಲೇ ಇತ್ತು. ಹೇರತ್ ಪರದೆಯ ಆ ಕಡೆಯಿಂದ ಬೆರಳು ತೋರಿಸಿದ್ದು ಇಲ್ಲಿಗೇ.

"ಆಕಾಶದ ಮಳೆ ಹಿಂಗೆ ಟೈಮ್ ನೋಡ್ಕಂಡು ಬೀಳಲ್ಲ. ಜೋರು ಬರ್ತೈತೆ, ನಿಲ್ತೈತೆ, ಮತ್ತೆ ಬರ್ತೈತೆ. ಇದು ಮಳೆಯಲ್ಲ, ಕಟ್ಟಿಕೊಂಡ ಆಲಿಕೆ ಸೋರಿದ್ದು. ಕಣಜ ಕೂತಿತ್ತು ಅನ್ನಾಕೆ ಕಣಜನೇ ಬರೆದುಕೊಟ್ಟ ಸಾಕ್ಷಿ" ಎಂದು ಯಶೋಧರಾ ವಿವರಿಸುತ್ತಾರೆ.

ಆ ಹಾಳೆಗಳನ್ನು ಹಿಡಿದುಕೊಂಡು ದಾವಣಗೆರೆಯಲ್ಲಿರುವ ಮೇಲ್ವಿಚಾರಕ ಎಂಜಿನಿಯರ್ ಕಲ್ಲೇಶ್ ಅವರ ಬಳಿ ಹೋದರು. ಕಲ್ಲೇಶ್ ಕೆಟ್ಟವರಲ್ಲ. ಆದರೆ ಬಾಗಿಲು ಹಾಕಿ, ಮೆತ್ತಗೆ, ಇದನ್ನು ಯಾರು ಕೇಳಿದ್ದಾರೆ ಎಂದರು. ಅಂಕಿ ಮೇಲಕ್ಕೆ ಹೋಗಿಯಾಗಿದೆ, ಈಗ ಕೆದಕಿದರೆ ಗುತ್ತಿಗೆ ಹೋಗಬಹುದು, ನಿನ್ನ ಕೆಲಸವಂತೂ ಹೋಗುತ್ತದೆ ಎಂದರು. ಯಶೋಧರಾ ಹಾಳೆಗಳನ್ನು ಮೇಜಿನ ಮೇಲೆ ಬಿಟ್ಟು ಹೊರಬಂದರು. ಇನ್ನೊಂದು ಪ್ರತಿ ಚೀಲದಲ್ಲಿತ್ತು.

ಮುಂದಿನ ಭಾನುವಾರ ಮೈಲಾರಿಯ ಆಟೊದ ಹಿಂದೆ ತಮ್ಮ ಸ್ಕೂಟರಿನಲ್ಲಿ ಆ ಊರಿಗೆ ಹೋದರು. ಶುಂಠಿ ಬೆಳೆಗಾರರ ಪರವಾಗಿ ಓಡಾಡುತ್ತಿದ್ದ ಬೆನಕಪ್ಪ ಅವರ ಜಗಲಿಯಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಹೇಳಿದರು. ಅವ್ವನ ಸೊಂಟದ ವಿಷಯ ಹೇಳಲಿಲ್ಲ. ಅದು ಕಾರಣವಾದೀತು, ನೆಪವೂ ಆದೀತು ಎಂದು ಬಿಟ್ಟರಂತೆ. ಜನ ಸೇರಿದರು. ಬೆನಕಪ್ಪನವರ ಹೆಂಡತಿ ಬಾಯಿಗೆ ಬಂದದ್ದನ್ನೆಲ್ಲ ಅಂದರು. ಯಾರೋ ಸ್ಕೂಟರಿನ ಕೀಲಿ ಕಿತ್ತುಕೊಂಡರು. ಎದ್ದು ನಿಂತ ಮೈಲಾರಿಯನ್ನು ಯಶೋಧರಾ ಕೈಹಿಡಿದು ಕೂರಿಸಿದರು. ಒಂದು ಗಂಟೆಗೂ ಹೆಚ್ಚು ಹೊತ್ತು ಗದ್ದಲ ನಡೆದು ತಣ್ಣಗಾದ ಮೇಲೆ ಬೆನಕಪ್ಪ ಬಾಯಿಬಿಟ್ಟರು.

"ನೀನು ಇದನ್ನ ಹೇಳ್ದೆ ಇದ್ದಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತೇನು?"

"ಇಲ್ರಿ."

ಬೆನಕಪ್ಪ ಕೀಲಿಯನ್ನು ವಾಪಸು ಕೊಡಿಸಿದರು. ಮರುದಿನ ತಾಲ್ಲೂಕು ಕಚೇರಿಯಲ್ಲಿ ಯಶೋಧರಾ ಪತ್ರ ಸಲ್ಲಿಸಿದಾಗ ಅವರ ಪಕ್ಕದಲ್ಲಿ ನಿಂತಿದ್ದವರು ಬೆನಕಪ್ಪನವರೇ. ಪತ್ರ ಕನ್ನಡದಲ್ಲಿ, ಒಂದೂವರೆ ಪುಟ. ಮೊದಲ ಸಾಲಿನಲ್ಲೇ ತಪ್ಪು ನನ್ನದು ಎಂದಿದೆ.

ಡಿಸೆಂಬರಿನಲ್ಲಿ ಅವರನ್ನು ಕೆಲಸದಿಂದ ತೆಗೆದರು. ಐದು ತಿಂಗಳು ಹೊನ್ನಾಳಿಯ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಒಡೆದ ಪರದೆಗಳನ್ನು ಬದಲಿಸುತ್ತಾ ಕೂತರು. ಬಸ್ಸಿನಲ್ಲಿ, ಅಂಗಡಿಯಲ್ಲಿ ಗುರುತು ಹಿಡಿದು ಮಾತಾಡುವವರಿದ್ದರು. ದೊಡ್ಡ ಸತ್ಯವಂತೆ ಎಂದು ಹಂಗಿಸುವವರೂ ಇದ್ದರು. ಹೇರತ್ ಪ್ರತಿ ಭಾನುವಾರ ಕರೆ ಮಾಡುತ್ತಿದ್ದರು. ಹೇಳಲು ಏನೂ ಇಲ್ಲದ ದಿನ ಇಬ್ಬರೂ ತಮ್ಮ ತಮ್ಮ ಅಡುಗೆ ತೋರಿಸಿ ಇಟ್ಟುಬಿಡುತ್ತಿದ್ದರು. ಆಕೆಯೂ ಹೀಗೆಯೇ ಒಂದು ವರ್ಷ ಮನೆಯಲ್ಲಿ ಕೂತಿದ್ದರೆಂಬುದು ಯಶೋಧರಾ ಅವರಿಗೆ ತಿಳಿದದ್ದು ಆಗಲೇ.

ಅತ್ತ ಕಾಗದಗಳು ನಿಧಾನವಾಗಿ ಚಲಿಸಿದವು. ಪರಿಣತರ ಸಮಿತಿ ಬಂದು ಕಾರ್ಡ್ ನೋಡಿತು, ಐದು ಊರಿನ ಅಂಕಿಗಳನ್ನು ಹೋಲಿಸಿತು, ಒಪ್ಪಿತು. ಮಾರ್ಚಿನಲ್ಲಿ ಅರ್ಜಿಗಳು ಮತ್ತೆ ತೆರೆದವು. ಅರವತ್ತನಾಲ್ಕರಲ್ಲಿ ಐವತ್ತೊಂದು ಮನೆಗೆ ಪರಿಹಾರ ಬಂತು. ಉಳಿದ ಹದಿಮೂರು ಮನೆಯವರು ಅಷ್ಟರೊಳಗೆ ಕಾಗದಪತ್ರ ಕಳೆದುಕೊಂಡಿದ್ದರು, ಇಲ್ಲವೇ ಆಸೆ ಬಿಟ್ಟು ಅವನ್ನು ಮತ್ತೆ ಸಲ್ಲಿಸಿರಲಿಲ್ಲ. ಯಶೋಧರಾ ಆ ಹದಿಮೂರು ಹೆಸರುಗಳನ್ನು ನಿಂತನಿಲುವಿನಲ್ಲಿ ಹೇಳಬಲ್ಲರು. ನನ್ನೆದುರು ಹೇಳಿದರು ಕೂಡ. ಆರನೆಯ ಹೆಸರು ಒಬ್ಬ ವಿಧವೆಯದು.

ಬೆನಕಪ್ಪ ಅವರನ್ನು ಅವರ ಹೊಲದಲ್ಲೇ ಭೇಟಿಯಾದೆ. ಈ ವರ್ಷ ಶುಂಠಿಯ ಬದಲು ಮೆಕ್ಕೆಜೋಳ ಹಾಕಿದ್ದಾರೆ. "ಸಿಟ್ಟು ಬಂದಿತ್ತು. ಈಗ್ಲೂ ಒಂಚೂರು ಐತೆ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಆ ಡಬ್ಬಿ ನೋಡಾಕೆ ಬೇರೆ ಯಾರನ್ನ ಕಳಿಸಿದ್ರೂ ನಾವು ಒಪ್ಪಲ್ಲ ಅಂತ ಪಂಚಾಯ್ತೀಲಿ ಬರೆದು ಕೊಟ್ಟೀವಿ" ಎಂದರು.

ಆ ಪತ್ರವೂ ಕೆಲಸ ಮಾಡಿತು. ಮೇ ತಿಂಗಳಲ್ಲಿ ಕಲ್ಲೇಶ್ ಹೊನ್ನಾಳಿಯ ಅಂಗಡಿಗೆ ತಾವೇ ಬಂದು ಕರೆದರು. ಮತ್ತೆ ಸೇರಲು ಯಶೋಧರಾ ಒಂದು ಬದಲಾವಣೆ ಕೇಳಿದರು: ಭೇಟಿಯ ಪುಸ್ತಕದಲ್ಲಿ 'ನನ್ನಿಂದಾದ ಲೋಪ' ಎಂದು ಒಂದು ಕಾಲಂ ಇರಬೇಕು, ಅದರಲ್ಲಿ ಬರೆದವರಿಗೆ ಶಿಕ್ಷೆ ಇರಬಾರದು. ಮೊದಲ ಎರಡು ತಿಂಗಳು ಇಪ್ಪತ್ತೊಂದು ಗಂಡಸರೂ ಅದನ್ನು ಖಾಲಿ ಬಿಟ್ಟರು. ಈಗ ತಿಂಗಳಿಗೆ ಏಳೆಂಟು ಬರುತ್ತವೆ. ತಪ್ಪು ಹೆಚ್ಚಾಗಿದೆಯೆಂದಲ್ಲ, ಮೊದಲೂ ಇಷ್ಟೇ ಆಗುತ್ತಿತ್ತು ಎನ್ನುತ್ತಾರೆ ಕಲ್ಲೇಶ್. ನಾನು ನೋಟ್‌ಬುಕ್ ಮುಚ್ಚಿದ ಮೇಲೆ ಅವರು ಮತ್ತೆ ತೆರೆಸಿದರು. "ಅವತ್ತು ಸುಮ್ನಿರಮ್ಮ ಅಂದಿದ್ದು ನಾನೇ. ಅದನ್ನೂ ಬರ್ಕಳ್ರಿ."

ಕಠ್ಮಂಡುವಿನ ಆ ಹತ್ತು ಮಂದಿಯ ಗುಂಪು ಈಗ ಮೂವತ್ತೊಂದಾಗಿದೆ, ಐದು ದೇಶದವರು. ಬಾಂಗ್ಲಾದ ನದಿಮಟ್ಟ ಅಳೆಯುವವರಿದ್ದಾರೆ, ನೇಪಾಳದ ಹಿಮದ ಸೀಮೆಯವರಿದ್ದಾರೆ. ಅಲ್ಲಿ ಯಾರೂ ಶುಭೋದಯ ಕಳಿಸುವುದಿಲ್ಲ. ಡಬ್ಬಿಯೊಳಗಿನ ಹಲ್ಲಿಮೊಟ್ಟೆ, ಇರುವೆ ಕಡಿದ ತಂತಿ, ತುಕ್ಕು ಹಿಡಿದ ಬೋಲ್ಟುಗಳ ಚಿತ್ರ ಬರುತ್ತವೆ, ಕೆಳಗೆ ಐದು ಭಾಷೆಯಲ್ಲಿ ಉಪಾಯಗಳು. ಬೇವಿನೆಣ್ಣೆ ಈಗ ಚಹಾ ತೋಟದ ಬೆಟ್ಟದಲ್ಲೂ ಬಳಕೆಯಲ್ಲಿದೆ. ಹೇರತ್ ಕಳಿಸಿದ ಸಣ್ಣಕಣ್ಣಿನ ಹಿತ್ತಾಳೆ ಜಾಲರಿಯ ಮಾದರಿಯನ್ನು ನ್ಯಾಮತಿಯ ಪಾತ್ರೆ ಅಂಗಡಿಯವರು ಮಾಡಿಕೊಟ್ಟಿದ್ದಾರೆ. ಸೂರಗೊಂಡನಕೊಪ್ಪದ ದಾರಿಯ ಎರಡು ಡಬ್ಬಿಗಳಿಗೆ ಅದನ್ನು ಹಾಕಿ ನೋಡುತ್ತಿದ್ದಾರೆ.

ಈ ಚಳಿಗಾಲದಲ್ಲಿ ಮುಂದಿನ ಸಮಾವೇಶ ಶ್ರೀಲಂಕಾದಲ್ಲಿ. ಯಶೋಧರಾ ಅವರಿಗೆ ಈ ಸಲ ವೇದಿಕೆಯ ಮೇಲೆ ಅವರದೇ ಹೆಸರಿನಲ್ಲಿ ಹದಿನೈದು ನಿಮಿಷ ಕೊಟ್ಟಿದ್ದಾರೆ. ಕನ್ನಡದಲ್ಲೇ ಮಾತನಾಡಬಹುದು, ಅನುವಾದಕ್ಕೆ ಜನ ಹುಡುಕುತ್ತೇವೆ ಎಂದಿದ್ದಾರೆ. ಉಡಚಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ, ಕಟಿರೊಟ್ಟಿಗೆ ಜೋಳ ಬೀಸಿಸಿಡುವ ಮಾತು ಆಗಲೇ ಶುರುವಾಗಿದೆ. ಭಾಷಣದಲ್ಲಿ ಏನು ಹೇಳುತ್ತೀರಿ ಎಂದರೆ, ನಡೆದದ್ದನ್ನು ಎನ್ನುತ್ತಾರೆ. ಅದರ ಬಗ್ಗೆ ಅವರಿಗೆ ಅಂಥ ಆತಂಕವೂ ಇಲ್ಲ, ಹಿಗ್ಗೂ ಇಲ್ಲ.

ಹಾಗಾದರೆ ಅಲ್ಲಿಗೆ ಹೋಗುವುದರಲ್ಲಿ ಏನು ಆಸೆ ಎಂದು ಕೇಳಿದೆ. ಅಳತೆಯ ಬಾಟಲಿಯನ್ನು ಸ್ಕೂಟರಿನ ಸೀಟಿನ ಮೇಲಿಟ್ಟು ಹೇಳಿದರು.

"ಆಕಿ ಮನೆ ಮುಂದೆ ಬೆಟ್ಟ ಐತಂತೆ, ಮಳೆ ದೂರದಿಂದ ನಡ್ಕಂಡು ಬರೋದು ಕಾಣ್ತೈತಂತೆ. ಒಂಬತ್ತು ವರ್ಷ ಆತು, ಮಳೆ ಬಂದ್ರೆ ನಂಗೆ ಎಷ್ಟು ಬಂತು ಅನ್ನೋದೇ ತಲೆಯಾಗೆ. ಆಕಿಗೂ ಅಷ್ಟೇ. ಒಂದು ಸಾಯಂಕಾಲ ಇಬ್ರೂ ಆ ಬಾಗ್ಲಾಗೆ ಕುತ್ಕಂಡು, ಏನೂ ಎಣಿಸ್ದಂಗೆ, ಸುಮ್ನೆ ಮಳೆ ನೋಡ್ಬೇಕು ಅಂತ ಐತ್ರಿ."